ಲೀಟರಿಗೆ ಎಷ್ಟು ಗ್ರಾಂ?

ಪಳನಿ ಎಂದೊಡನೆ ನಮಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಬೆಟ್ಟದ ಮೇಲಿನ ದಂಡಾಯುಧಪಾಣಿ ಸ್ವಾಮಿಯ ದೇವಾಲಯ. ಇನ್ನೊಂದು, ಅಲ್ಲಿಯ ಪ್ರಸಾದವಾದ ಪಂಚಾಮೃತ. ಬಾಳೆಹಣ್ಣು, ಬೆಲ್ಲ, ತುಪ್ಪ, ಜೇನುತುಪ್ಪ, ಏಲಕ್ಕಿ ಇವೇ ಇದರ ಐದು ಮುಖ್ಯ ಪದಾರ್ಥಗಳು. ಖರ್ಜೂರ ಮತ್ತು ಕಲ್ಲುಸಕ್ಕರೆಯನ್ನೂ ಸೇರಿಸುತ್ತಾರೆ. ಇದಕ್ಕೆ ಒಂದು ತೊಟ್ಟು ನೀರನ್ನೂ ಹಾಕುವುದಿಲ್ಲ. 2019ರಲ್ಲಿ ಪಳನಿ ಪಂಚಾಮೃತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಈ ಐದು ಪದಾರ್ಥಗಳನ್ನು ಅಂಗಡಿಯಲ್ಲಿ ಕೊಳ್ಳುವಾಗ ಒಂದು ವಿಷಯವನ್ನು ಗಮನಿಸಿದ್ದೀರಾ? ಬೆಲ್ಲವನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ತುಪ್ಪದ ಸೀಸೆಯ ಮೇಲೆ ಕೆಲವೊಮ್ಮೆ ಮಿಲಿಲೀಟರ್ ಎಂದಿರುತ್ತದೆ, ಕೆಲವೊಮ್ಮೆ ಗ್ರಾಂ ಎಂದಿರುತ್ತದೆ. ಜೇನುತುಪ್ಪದ ಸೀಸೆಯ ಮೇಲೆ ಸಾಮಾನ್ಯವಾಗಿ ಗ್ರಾಂ ಎಂದಿರುತ್ತದೆ. ಆದರೆ ಮನೆಯಲ್ಲಿ ಅಮ್ಮ ಅವೆರಡನ್ನೂ ಲೋಟದಿಂದಲೋ ಸೌಟಿನಿಂದಲೋ ಅಳೆದು ಹಾಕುತ್ತಾರೆ. ಹಾಗಾದರೆ ಒಂದು ಲೀಟರ್ ಜೇನುತುಪ್ಪ ಎಷ್ಟು ಗ್ರಾಂ ತೂಗುತ್ತದೆ? ಅರ್ಧ ಕಿಲೋ ತುಪ್ಪ ಎಷ್ಟು ಲೀಟರ್ ಆಗುತ್ತದೆ? "ಒಂದು ಲೀಟರ್ ಎಂದರೆ ಒಂದು ಕಿಲೋ" ಎಂದು ಹಲವರು ಹೇಳುತ್ತಾರೆ. ಈ ಮಾತು ನಿಜವೇ? ಬನ್ನಿ, ತಿಳಿದುಕೊಳ್ಳೋಣ.

ಗಾತ್ರ ಮತ್ತು ದ್ರವ್ಯರಾಶಿ

ಯಾವುದೇ ವಸ್ತು ಒಂದಷ್ಟು ಜಾಗವನ್ನು ಆಕ್ರಮಿಸುತ್ತದೆ. ಈ ಜಾಗದ ಅಳತೆಯೇ ಗಾತ್ರ. ಲೀಟರ್, ಮಿಲಿಲೀಟರ್, ಘನ ಮೀಟರ್ ಇವು ಗಾತ್ರದ ಏಕಮಾನಗಳು. ಆ ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಎಂಬುದರ ಅಳತೆ ದ್ರವ್ಯರಾಶಿ. ಗ್ರಾಂ, ಕಿಲೋಗ್ರಾಂ, ಟನ್ ಇವು ದ್ರವ್ಯರಾಶಿಯ ಏಕಮಾನಗಳು. ದಿನಬಳಕೆಯಲ್ಲಿ ನಾವು ದ್ರವ್ಯರಾಶಿಯನ್ನೇ ತೂಕ ಎಂದು ಕರೆಯುತ್ತೇವೆ. ಈ ಪಾಠದಲ್ಲಿಯೂ ಹಾಗೆಯೇ ಹೇಳಲಾಗಿದೆ.

ಒಂದೇ ಅಳತೆಯ ಮೂರು ಲೋಟಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಎಳ್ಳೆಣ್ಣೆ, ಮತ್ತೊಂದರಲ್ಲಿ ಜೇನುತುಪ್ಪವನ್ನು ಅಂಚಿನವರೆಗೆ ತುಂಬಿಸಿ. ಮೂರರ ಗಾತ್ರವೂ ಒಂದೇ. ಆದರೆ ಕೈಯಲ್ಲಿ ಹಿಡಿದು ನೋಡಿದರೆ ಜೇನಿನ ಲೋಟ ಭಾರವಾಗಿರುತ್ತದೆ. ತಕ್ಕಡಿಯಲ್ಲಿ ಇಟ್ಟರೆ ಎಣ್ಣೆಯ ಲೋಟ ಎಲ್ಲಕ್ಕಿಂತ ಹಗುರ ಎಂದು ತಿಳಿಯುತ್ತದೆ. ಅಷ್ಟೇ ಜಾಗದಲ್ಲಿ ಜೇನಿನ ದ್ರವ್ಯ ಹೆಚ್ಚಾಗಿ ತುಂಬಿಕೊಂಡಿದೆ, ಎಣ್ಣೆಯ ದ್ರವ್ಯ ಕಡಿಮೆ ತುಂಬಿಕೊಂಡಿದೆ. ಹೀಗೆ ಒಂದು ಏಕಮಾನ ಗಾತ್ರದಲ್ಲಿ ಇರುವ ದ್ರವ್ಯರಾಶಿಯನ್ನು ಸಾಂದ್ರತೆ ಎನ್ನುತ್ತೇವೆ.

ಸಾಂದ್ರತೆ = ದ್ರವ್ಯರಾಶಿ ÷ ಗಾತ್ರ

ಈ ಒಂದು ಸೂತ್ರದಿಂದಲೇ ಉಳಿದ ಎರಡು ಸೂತ್ರಗಳು ದೊರೆಯುತ್ತವೆ.

ದ್ರವ್ಯರಾಶಿ = ಗಾತ್ರ × ಸಾಂದ್ರತೆ
ಗಾತ್ರ = ದ್ರವ್ಯರಾಶಿ ÷ ಸಾಂದ್ರತೆ

ಅಂದರೆ ಲೀಟರಿನಿಂದ ಕಿಲೋಗ್ರಾಮಿಗೆ ಹೋಗಬೇಕಾದರೆ ಸಾಂದ್ರತೆಯಿಂದ ಗುಣಿಸಬೇಕು. ಕಿಲೋಗ್ರಾಮಿನಿಂದ ಲೀಟರಿಗೆ ಹೋಗಬೇಕಾದರೆ ಸಾಂದ್ರತೆಯಿಂದ ಭಾಗಿಸಬೇಕು. ಎರಡು ದಡಗಳ ನಡುವೆ ಸಾಂದ್ರತೆಯೇ ಸೇತುವೆ.

ಕೆಲವು ದ್ರವಗಳ ಸಾಂದ್ರತೆ

ಒಂದು ಲೀಟರ್ ದ್ರವದ ತೂಕ ಸುಮಾರಾಗಿ ಹೀಗಿರುತ್ತದೆ:

ನೀರು – 1.00 ಕಿಲೋಗ್ರಾಂ
ಹಾಲು – 1.03 ಕಿಲೋಗ್ರಾಂ
ಜೇನುತುಪ್ಪ – 1.42 ಕಿಲೋಗ್ರಾಂ
ಕರಗಿದ ತುಪ್ಪ – 0.91 ಕಿಲೋಗ್ರಾಂ
ಎಳ್ಳೆಣ್ಣೆ, ತೆಂಗಿನ ಎಣ್ಣೆ – 0.92 ಕಿಲೋಗ್ರಾಂ
ಸೀಮೆಎಣ್ಣೆ – 0.80 ಕಿಲೋಗ್ರಾಂ
ಪಾದರಸ – 13.6 ಕಿಲೋಗ್ರಾಂ

"ಒಂದು ಲೀಟರ್ ಎಂದರೆ ಒಂದು ಕಿಲೋ" ಎಂಬ ಮಾತು ನೀರಿಗೆ ಮಾತ್ರ ಸರಿ. ಹಾಲಿಗೆ ಹೆಚ್ಚುಕಡಿಮೆ ಸರಿ. ಜೇನಿಗೂ ಎಣ್ಣೆಗೂ ಅದು ಸರಿಯಲ್ಲ. ಜೇನಿನ ಸಾಂದ್ರತೆ ಅದರಲ್ಲಿರುವ ನೀರಿನ ಅಂಶಕ್ಕೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ ಎಂಬುದನ್ನೂ ನೆನಪಿಡಿ. ನೀರಿನ ಅಂಶ ಹೆಚ್ಚಾದಷ್ಟೂ ಜೇನು ಹಗುರವಾಗುತ್ತದೆ.

ಈಗ ಲೆಕ್ಕ ಮಾಡೋಣ. ಮನೆಯಲ್ಲಿ ಪಂಚಾಮೃತ ಮಾಡಲು 200 ಮಿಲಿಲೀಟರ್ ಜೇನುತುಪ್ಪ ಮತ್ತು 200 ಮಿಲಿಲೀಟರ್ ತುಪ್ಪ ಬೇಕು ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಎರಡನ್ನೂ ತೂಗಿ ಕೊಡುತ್ತಾರೆ. ಎಷ್ಟೆಷ್ಟು ಗ್ರಾಂ ಕೇಳಬೇಕು?

ಜೇನುತುಪ್ಪ: 200 × 1.42 = 284 ಗ್ರಾಂ
ತುಪ್ಪ: 200 × 0.91 = 182 ಗ್ರಾಂ

ಲೋಟದಲ್ಲಿ ಎರಡೂ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ತಕ್ಕಡಿಯಲ್ಲಿ ಮಾತ್ರ 102 ಗ್ರಾಂ ವ್ಯತ್ಯಾಸ! ಇನ್ನು ತಿರುಗುಮುರುಗಾದ ಲೆಕ್ಕ. ಅರ್ಧ ಕಿಲೋ, ಅಂದರೆ 500 ಗ್ರಾಂ ತುಪ್ಪವನ್ನು ತಂದರೆ ಅದನ್ನು ತುಂಬಿಡಲು ಎಷ್ಟು ದೊಡ್ಡ ಸೀಸೆ ಬೇಕು?

ಗಾತ್ರ: 500 ÷ 0.91 = ಸುಮಾರು 550 ಮಿಲಿಲೀಟರ್

ಅರ್ಧ ಲೀಟರಿನ ಸೀಸೆ ಸಾಲದು. ಅದೇ ಅರ್ಧ ಕಿಲೋ ಜೇನು 500 ÷ 1.42 = ಸುಮಾರು 352 ಮಿಲಿಲೀಟರಿನಲ್ಲಿಯೇ ಅಡಗುತ್ತದೆ. ಪಂಚಾಮೃತದಲ್ಲಿ ಬೆಲ್ಲವೂ ಜೇನೂ ಹೇರಳವಾಗಿರುವುದರಿಂದ ಅದೂ ನೀರಿಗಿಂತ ಸಾಂದ್ರವಾದುದು. ಆದ್ದರಿಂದ ಅರ್ಧ ಕಿಲೋ ಪಂಚಾಮೃತದ ಡಬ್ಬಿ ಅರ್ಧ ಲೀಟರಿನ ಡಬ್ಬಿಗಿಂತ ಚಿಕ್ಕದಾಗಿ ಕಂಡರೆ, ತೂಕದಲ್ಲಿ ಮೋಸವಾಯಿತು ಎಂದು ತಿಳಿಯಬಾರದು. ಕಣ್ಣು ಗಾತ್ರವನ್ನು ಮಾತ್ರ ನೋಡುತ್ತದೆ, ತೂಕವನ್ನು ತಕ್ಕಡಿಯೇ ಹೇಳಬೇಕು.

ಏಕಮಾನಗಳಲ್ಲಿ ಎಚ್ಚರಿಕೆ

ಪುಸ್ತಕಗಳಲ್ಲಿ ಸಾಂದ್ರತೆಯನ್ನು ಹಲವು ರೀತಿಯಲ್ಲಿ ಬರೆದಿರುತ್ತಾರೆ. ನೀರಿನ ಸಾಂದ್ರತೆ ಒಂದು ಮಿಲಿಲೀಟರಿಗೆ 1 ಗ್ರಾಂ, ಒಂದು ಲೀಟರಿಗೆ 1 ಕಿಲೋಗ್ರಾಂ, ಒಂದು ಘನ ಮೀಟರಿಗೆ 1000 ಕಿಲೋಗ್ರಾಂ. ಈ ಮೂರೂ ಒಂದೇ ಮಾತು. ಲೆಕ್ಕ ಮಾಡುವಾಗ ಗಾತ್ರ ಮಿಲಿಲೀಟರಿನಲ್ಲಿದ್ದರೆ ಉತ್ತರ ಗ್ರಾಮಿನಲ್ಲಿ ಬರುತ್ತದೆ. ಗಾತ್ರ ಲೀಟರಿನಲ್ಲಿದ್ದರೆ ಉತ್ತರ ಕಿಲೋಗ್ರಾಮಿನಲ್ಲಿ ಬರುತ್ತದೆ. ಇವನ್ನು ಬೆರೆಸಿದರೆ ಉತ್ತರ ಸಾವಿರ ಪಟ್ಟು ತಪ್ಪಾಗುತ್ತದೆ.

ಇದು ಕೇವಲ ಪರೀಕ್ಷೆಯ ವಿಷಯವಲ್ಲ. ಮನೆಯ ತಾರಸಿಯ ಮೇಲೆ 1000 ಲೀಟರಿನ ನೀರಿನ ತೊಟ್ಟಿ ಇಡುತ್ತೇವೆ. ಅದು ತುಂಬಿದಾಗ ನೀರಿನ ಭಾರವೇ 1000 ಕಿಲೋಗ್ರಾಂ, ಅಂದರೆ ಒಂದು ಟನ್. ಕೆಳಗಿನ ಗೋಡೆ ಈ ಭಾರವನ್ನು ತಾಳಬಲ್ಲದೇ ಎಂದು ಮೊದಲೇ ನೋಡಬೇಕು. ಖಾಲಿ ತೊಟ್ಟಿಯನ್ನು ಇಬ್ಬರು ಎತ್ತಿದರು ಎಂದು ನಂಬಿ ಕೂರಲಾಗದು.

ಬಿಸಿ ಎಣ್ಣೆಯ ಲೆಕ್ಕ

ದೇವಾಲಯದ ದೀಪಕ್ಕೂ ಮನೆಯ ಒಗ್ಗರಣೆಗೂ ಎಣ್ಣೆ ಬೇಕು. ಎಣ್ಣೆಯನ್ನು ಬಿಸಿ ಮಾಡಿದರೆ ಅದು ಹಿಗ್ಗುತ್ತದೆ. ದ್ರವ್ಯರಾಶಿ ಅಷ್ಟೇ ಇದ್ದು ಗಾತ್ರ ಹೆಚ್ಚಿದರೆ ಸಾಂದ್ರತೆ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಲೀಟರ್ ಬಿಸಿ ಎಣ್ಣೆಯ ತೂಕ ಒಂದು ಲೀಟರ್ ತಣ್ಣನೆಯ ಎಣ್ಣೆಯ ತೂಕಕ್ಕಿಂತ ಕಡಿಮೆ.

ಸೋಯಾ ಎಣ್ಣೆಯನ್ನೇ ತೆಗೆದುಕೊಳ್ಳಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ 913 ಗ್ರಾಂ ತೂಗುತ್ತದೆ. 60 ಡಿಗ್ರಿಯಲ್ಲಿ ಅದು 892.6 ಗ್ರಾಂ ಮಾತ್ರ. ಪೊಟ್ಟಣದ ಮೇಲೆ "60 ಡಿಗ್ರಿಯಲ್ಲಿ 1 ಲೀಟರ್" ಎಂದು ಅಚ್ಚು ಹಾಕಿ 892.6 ಗ್ರಾಂ ತುಂಬಿಸಿದರೆ ಬರೆದದ್ದು ಸುಳ್ಳಲ್ಲ. ಆದರೆ ನಮ್ಮ ಅಡುಗೆಮನೆಯಲ್ಲಿ ಎಣ್ಣೆ 60 ಡಿಗ್ರಿಯಲ್ಲಿ ಇರುವುದಿಲ್ಲವಲ್ಲ! ಕೊಳ್ಳುವವರಿಗೆ ಪೊಟ್ಟಣವೊಂದಕ್ಕೆ ಸುಮಾರು 20 ಗ್ರಾಂ ನಷ್ಟ. ಲಕ್ಷಾಂತರ ಪೊಟ್ಟಣಗಳಿಗೆ ಎಷ್ಟಾಗುತ್ತದೆ ಎಂದು ಯೋಚಿಸಿ. ಅದಕ್ಕಾಗಿಯೇ 2022ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಖಾದ್ಯ ತೈಲದ ತಯಾರಕರಿಗೆ ಒಂದು ಸೂಚನೆ ನೀಡಿತು. ಪೊಟ್ಟಣದ ಮೇಲೆ ತಾಪಮಾನವನ್ನು ನಮೂದಿಸದೆ ಗಾತ್ರವನ್ನು ಬರೆಯಬೇಕು, ಅದಕ್ಕೆ ಸರಿಹೊಂದುವ ತೂಕವನ್ನೂ ಬರೆಯಬೇಕು ಎಂಬುದು ಆ ಸೂಚನೆ.

ಇನ್ನು ಮುಂದೆ ಎಣ್ಣೆಯ ಪೊಟ್ಟಣ ಕೊಳ್ಳುವಾಗ ಲೀಟರಿನ ಪಕ್ಕದಲ್ಲಿರುವ ಗ್ರಾಂ ಅಂಕಿಯನ್ನೂ ಓದಿ. ಒಂದು ಲೀಟರಿನ ಪೊಟ್ಟಣಕ್ಕೂ ಒಂದು ಕಿಲೋಗ್ರಾಮಿನ ಪೊಟ್ಟಣಕ್ಕೂ ಒಂದೇ ಬೆಲೆಯಿದ್ದರೆ ಯಾವುದು ಲಾಭ? ಒಂದು ಕಿಲೋ ಎಣ್ಣೆ 1000 ÷ 0.92 = ಸುಮಾರು 1087 ಮಿಲಿಲೀಟರ್. ಕಿಲೋ ಪೊಟ್ಟಣದಲ್ಲಿ ಸುಮಾರು 87 ಮಿಲಿಲೀಟರ್ ಹೆಚ್ಚು ಎಣ್ಣೆ ಇರುತ್ತದೆ.

ಪಡಿಯಿಂದ ಅಳೆದರೆ

ನಮ್ಮ ಹಿರಿಯರು ಕಾಳುಕಡ್ಡಿಯನ್ನು ತೂಗುತ್ತಿದ್ದುದಕ್ಕಿಂತ ಅಳೆಯುತ್ತಿದ್ದುದೇ ಹೆಚ್ಚು. ಕರ್ನಾಟಕದಲ್ಲಿ ಪಾವು, ಸೇರು, ಬಳ್ಳ, ಕೊಳಗಗಳಿದ್ದವು. ತಮಿಳುನಾಡಿನಲ್ಲಿ ಪಡಿ, ಮರಕ್ಕಾಲ್‌ಗಳಿದ್ದವು. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿ, ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ಆಡುವ ಕುಟುಂಬಗಳಿವೆ. ಅಂತಹ ಮನೆಗಳ ಹಿರಿಯರನ್ನು ಕೇಳಿದರೆ ಈ ಅಳತೆಗಳ ಹೆಸರುಗಳನ್ನು ಹೇಳಿಯಾರು. ಇವೆಲ್ಲ ಗಾತ್ರದ ಅಳತೆಗಳು. ಊರಿಂದೂರಿಗೆ ಇವು ಬೇರೆಬೇರೆಯಾಗಿದ್ದುದರಿಂದ ವ್ಯಾಪಾರದಲ್ಲಿ ಗೊಂದಲವಾಗುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ದೇಶದಲ್ಲೆಲ್ಲ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು.

ಕಾಳುಗಳನ್ನು ಗಾತ್ರದಿಂದ ಅಳೆಯುವಾಗ ಒಂದು ತೊಡಕಿದೆ. ಪಾತ್ರೆಯಲ್ಲಿ ಕಾಳುಗಳ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ. ಅಕ್ಕಿಯ ಕಾಳು ನೀರಿನಲ್ಲಿ ಮುಳುಗುತ್ತದೆ. ಅಂದರೆ ಕಾಳಿನ ಸಾಂದ್ರತೆ ನೀರಿಗಿಂತ ಹೆಚ್ಚು. ಆದರೂ ಒಂದು ಲೀಟರ್ ಪಾತ್ರೆಯಲ್ಲಿ ಸುಮಾರು 800 ಗ್ರಾಂ ಅಕ್ಕಿ ಮಾತ್ರ ಹಿಡಿಯುತ್ತದೆ. ಸಂದುಗಳಲ್ಲಿರುವ ಗಾಳಿಯೂ ಸೇರಿ ಲೀಟರ್ ಆಗಿರುವುದೇ ಇದಕ್ಕೆ ಕಾರಣ. ಹೀಗೆ ಸಂದುಗಳನ್ನೂ ಸೇರಿಸಿ ಲೆಕ್ಕ ಹಾಕಿದ ಸಾಂದ್ರತೆಯನ್ನು ರಾಶಿಯ ಸಾಂದ್ರತೆ ಎನ್ನಬಹುದು. ಪಾತ್ರೆಯನ್ನು ಕುಟ್ಟಿ ಅಲುಗಾಡಿಸಿದರೆ ಕಾಳು ಕೆಳಗಿಳಿದು ಇನ್ನೊಂದು ಹಿಡಿ ಹಿಡಿಯುತ್ತದೆ. ಮೇಲೆ ಗೋಪುರದಂತೆ ಸುರಿದರೆ ಒಂದು ಲೆಕ್ಕ, ಕೈಯಿಂದ ಸವರಿ ಮಟ್ಟ ಮಾಡಿದರೆ ಇನ್ನೊಂದು ಲೆಕ್ಕ. ಅಳೆಯುವವರ ಕೈಯಲ್ಲಿ ನ್ಯಾಯವೂ ಇರುತ್ತಿತ್ತು, ಅನ್ಯಾಯವೂ ಇರುತ್ತಿತ್ತು.

ಏಲಕ್ಕಿಯ ಲೀಟರ್ ತೂಕ

ರಾಶಿಯ ಸಾಂದ್ರತೆಗೆ ಬೆಲೆ ಕಟ್ಟುವ ಒಂದು ಮಾರುಕಟ್ಟೆ ಇದೆ. ಪಂಚಾಮೃತದ ಐದನೆಯ ಪದಾರ್ಥವಾದ ಏಲಕ್ಕಿಯೇ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ತೇನಿ ಜಿಲ್ಲೆಯಲ್ಲಿ ಪಶ್ಚಿಮ ಘಟ್ಟದ ಬುಡದಲ್ಲಿ ಬೋಡಿನಾಯಕನೂರು ಎಂಬ ಪಟ್ಟಣವಿದೆ. ಬೆಟ್ಟದ ಮೇಲೆ ಕೇರಳದ ಇಡುಕ್ಕಿ ಜಿಲ್ಲೆಯ ಏಲಕ್ಕಿ ತೋಟಗಳಿವೆ. ಅಲ್ಲಿ ಬೆಳೆದ ಏಲಕ್ಕಿ ಬೋಡಿನಾಯಕನೂರಿಗೂ ಇಡುಕ್ಕಿಯ ಪುಟ್ಟಡಿಗೂ ಬಂದು, ಸಾಂಬಾರ ಮಂಡಳಿಯ ವಿದ್ಯುನ್ಮಾನ ಹರಾಜಿನಲ್ಲಿ ಮಾರಾಟವಾಗುತ್ತದೆ.

ಹರಾಜಿನಲ್ಲಿ ಬೆಲೆಯನ್ನು ಕಿಲೋಗ್ರಾಮಿಗೆ ಕೂಗುತ್ತಾರೆ. ಆದರೆ ಏಲಕ್ಕಿಯ ಗುಣವನ್ನು ಲೀಟರಿನಿಂದ ತಿಳಿಯುತ್ತಾರೆ! ಒಂದು ಲೀಟರಿನ ಪಾತ್ರೆಯಲ್ಲಿ ಏಲಕ್ಕಿಯನ್ನು ತುಂಬಿ, ಮಟ್ಟ ಮಾಡಿ, ಅದನ್ನು ತೂಗುತ್ತಾರೆ. ಇದಕ್ಕೆ 'ಲೀಟರ್ ತೂಕ' ಎಂದೇ ಹೆಸರು. ಆಗ್ಮಾರ್ಕ್ ದರ್ಜೆಗಳಲ್ಲಿ ಕಾಯಿಯ ದಪ್ಪದೊಡನೆ ಲೀಟರ್ ತೂಕವನ್ನೂ ನಿಗದಿ ಮಾಡಲಾಗಿದೆ. ಆಲೆಪ್ಪಿ ಹಸಿರು ಏಲಕ್ಕಿಯಲ್ಲಿ 7 ಮಿಲಿಮೀಟರ್ ದಪ್ಪದ ಮೇಲ್ದರ್ಜೆಗೆ ಲೀಟರಿಗೆ ಕನಿಷ್ಠ 435 ಗ್ರಾಂ ಇರಬೇಕು. 6 ಮಿಲಿಮೀಟರಿನ ದರ್ಜೆಗೆ 415 ಗ್ರಾಂ, 5 ಮಿಲಿಮೀಟರಿನ ದರ್ಜೆಗೆ 385 ಗ್ರಾಂ. ಕರ್ನಾಟಕದ ಕೊಡಗಿನ ಹೆಸರಿನಲ್ಲಿಯೂ ದರ್ಜೆಗಳಿವೆ. ಕೊಡಗು ಹಸಿರು ಏಲಕ್ಕಿಯ ಮೇಲ್ದರ್ಜೆಗೆ 8 ಮಿಲಿಮೀಟರ್ ದಪ್ಪ, ಲೀಟರಿಗೆ 450 ಗ್ರಾಂ ತೂಕ ಇರಬೇಕು.

ತೂಕವೇ ಗುಣವನ್ನು ಹೇಳುವುದು ಹೇಗೆ? ಏಲಕ್ಕಿಯ ಪರಿಮಳ ಇರುವುದು ಒಳಗಿನ ಕಪ್ಪು ಬೀಜದಲ್ಲಿ. ಚೆನ್ನಾಗಿ ಬಲಿತ ಕಾಯಿಯೊಳಗೆ ಬೀಜ ಒತ್ತೊತ್ತಾಗಿ ತುಂಬಿರುತ್ತದೆ. ಎಳಸಾಗಿ ಕಿತ್ತ ಕಾಯಿ ಒಣಗಿದಾಗ ಸುರುಟಿಕೊಳ್ಳುತ್ತದೆ, ಒಳಗೆ ಟೊಳ್ಳಾಗಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಹಸಿರೇ. ಕಾಯಿಯನ್ನು ಒಂದೊಂದಾಗಿ ಸುಲಿದು ನೋಡಲು ಯಾರಿಗೆ ಸಾಧ್ಯ? ಒಂದು ಲೀಟರ್ ಅಳೆದು ತೂಗಿದರೆ ಸಾಕು, ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ತಿಳಿಯುತ್ತದೆ. ಕಾಯಿ ಬಲಿಯುವವರೆಗೆ ಕಾದ ಬೆಳೆಗಾರನ ತಾಳ್ಮೆಗೆ ಇಲ್ಲಿ ಬೆಲೆ ದೊರೆಯುತ್ತದೆ.

ಈ ಅಂಕಿಯಿಂದ ಇನ್ನೊಂದು ಲೆಕ್ಕವನ್ನೂ ಮಾಡಬಹುದು. 50 ಕಿಲೋಗ್ರಾಂ ಏಲಕ್ಕಿ ಎಷ್ಟು ಜಾಗ ಹಿಡಿಯುತ್ತದೆ?

435 ಗ್ರಾಂ ಲೀಟರ್ ತೂಕವಿದ್ದರೆ: 50,000 ÷ 435 = ಸುಮಾರು 115 ಲೀಟರ್
385 ಗ್ರಾಂ ಲೀಟರ್ ತೂಕವಿದ್ದರೆ: 50,000 ÷ 385 = ಸುಮಾರು 130 ಲೀಟರ್

ತೂಕ ಒಂದೇ ಆದರೂ ಎರಡನೆಯದಕ್ಕೆ 15 ಲೀಟರ್ ಹೆಚ್ಚು ಜಾಗ ಬೇಕು. ಚೀಲ ದೊಡ್ಡದಾಗಿ ಉಬ್ಬಿಕೊಂಡಿದೆ ಎಂದ ಮಾತ್ರಕ್ಕೆ ಒಳಗಿನ ಸರಕು ಉತ್ತಮವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಲಿನ ಪರೀಕ್ಷೆ

ತೈಪೂಸ ಹಬ್ಬದಲ್ಲಿ ಭಕ್ತರು ಪಳನಿಗೆ ಕಾವಡಿ ಹೊತ್ತು ಪಾದಯಾತ್ರೆ ಬರುತ್ತಾರೆ. ಕೆಲವರದು ಹಾಲಿನ ಕಾವಡಿ. ಪಂಗುನಿ ಉತ್ತರದ ಸಮಯದಲ್ಲಿ ಕೊಡುಮುಡಿಯಿಂದ ಕಾವೇರಿಯ ತೀರ್ಥವನ್ನು ಹೊತ್ತು ತರುವವರೂ ಇದ್ದಾರೆ. 3 ಲೀಟರ್ ನೀರಿನ ತೂಕ 3 ಕಿಲೋಗ್ರಾಂ. 3 ಲೀಟರ್ ಹಾಲಿನ ತೂಕ 3 × 1.03 = 3.09 ಕಿಲೋಗ್ರಾಂ. ವ್ಯತ್ಯಾಸ 90 ಗ್ರಾಂ ಮಾತ್ರ. ಹೊರುವ ಹೆಗಲಿಗೆ ಇದು ತಿಳಿಯದು. ಆದರೆ ಹಾಲನ್ನು ಪರೀಕ್ಷಿಸುವ ಕ್ಷೀರಮಾಪಕಕ್ಕೆ ಇದು ಚೆನ್ನಾಗಿ ತಿಳಿಯುತ್ತದೆ.

ಕ್ಷೀರಮಾಪಕವು ಹಾಲಿನಲ್ಲಿ ತೇಲುವ ಒಂದು ಗಾಜಿನ ಸಾಧನ. ಸಾಂದ್ರತೆ ಹೆಚ್ಚಿದ್ದರೆ ಅದು ಮೇಲೆ ತೇಲುತ್ತದೆ, ಕಡಿಮೆಯಿದ್ದರೆ ಕೆಳಗಿಳಿಯುತ್ತದೆ. ಹಾಲಿನ ಸಾಂದ್ರತೆ 1.030 ಇದ್ದರೆ ಅದರ ಅಳತೆಪಟ್ಟಿಯಲ್ಲಿ 30 ಎಂದು ತೋರಿಸುತ್ತದೆ. ಈಗ 4 ಲೀಟರ್ ಹಾಲಿಗೆ 1 ಲೀಟರ್ ನೀರು ಬೆರೆಸಿದರು ಎಂದುಕೊಳ್ಳಿ.

ಒಟ್ಟು ತೂಕ: (4 × 1.030) + 1 = 5.12 ಕಿಲೋಗ್ರಾಂ
ಒಟ್ಟು ಗಾತ್ರ: 5 ಲೀಟರ್
ಸಾಂದ್ರತೆ: 5.12 ÷ 5 = 1.024

ಅಳತೆಪಟ್ಟಿ 30ರಿಂದ 24ಕ್ಕೆ ಇಳಿಯಿತು. ನೀರು ಸೇರಿದುದು ಬಯಲಾಯಿತು. ಆದರೆ ಸಾಂದ್ರತೆಯೊಂದರಿಂದಲೇ ಹಾಲು ಶುದ್ಧ ಎಂದು ತೀರ್ಮಾನಿಸಲಾಗದು. ಕೆನೆ ಹಾಲಿಗಿಂತ ಹಗುರ. ಕೆನೆಯನ್ನು ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ. ಆಮೇಲೆ ನೀರು ಬೆರೆಸಿದರೆ ಅದು ಮತ್ತೆ 30ಕ್ಕೇ ಬಂದು ನಿಲ್ಲಬಹುದು. ಆದ್ದರಿಂದಲೇ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಕೊಬ್ಬಿನ ಅಂಶವನ್ನೂ ಪರೀಕ್ಷಿಸುತ್ತಾರೆ. ಒಂದು ಅಂಕಿಗೆ ಇನ್ನೊಂದು ಅಂಕಿ ಸಾಕ್ಷಿಯಾಗಬೇಕು.

ನೀವೇ ಮಾಡಿ ನೋಡಿ

ಒಂದು ಲೋಟವನ್ನು ತೆಗೆದುಕೊಂಡು ಹತ್ತಿರದ ಅಂಗಡಿಯ ವಿದ್ಯುನ್ಮಾನ ತಕ್ಕಡಿಯಲ್ಲಿ ತೂಗಿ. ಖಾಲಿ ಲೋಟದ ತೂಕವನ್ನು ಬರೆದುಕೊಳ್ಳಿ. ಅದರಲ್ಲಿ ಅಂಚಿನವರೆಗೆ ನೀರು ತುಂಬಿ ತೂಗಿ. ಹೆಚ್ಚಾದ ತೂಕ ಎಷ್ಟು ಗ್ರಾಮೋ ಲೋಟದ ಗಾತ್ರ ಅಷ್ಟೇ ಮಿಲಿಲೀಟರ್. ಲೋಟವನ್ನು ಒರೆಸಿ, ಅಷ್ಟೇ ಮಟ್ಟಕ್ಕೆ ಎಣ್ಣೆ ತುಂಬಿ ತೂಗಿ. ಎಣ್ಣೆಯ ತೂಕವನ್ನು ಲೋಟದ ಗಾತ್ರದಿಂದ ಭಾಗಿಸಿ. ಬಂದ ಉತ್ತರ 0.92ಕ್ಕೆ ಹತ್ತಿರವಿದೆಯೇ? ಇದೇ ರೀತಿ ಅಕ್ಕಿ, ರಾಗಿ, ಮಂಡಕ್ಕಿಗಳ ರಾಶಿಯ ಸಾಂದ್ರತೆಯನ್ನು ಕಂಡುಹಿಡಿಯಿರಿ. ಪಾತ್ರೆಯನ್ನು ಕುಟ್ಟುವ ಮೊದಲು ಒಮ್ಮೆ, ಕುಟ್ಟಿದ ಮೇಲೆ ಒಮ್ಮೆ ತೂಗಿ, ವ್ಯತ್ಯಾಸವನ್ನು ಬರೆದಿಡಿ.

ಮಾರುವವರು ಲೀಟರ್ ಎನ್ನಲಿ, ಕಿಲೋ ಎನ್ನಲಿ, ಒಂದನ್ನು ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಶಕ್ತಿ ನಮ್ಮಲ್ಲಿದ್ದರೆ ಬೆಲೆಯನ್ನು ಸರಿಯಾಗಿ ಹೋಲಿಸಬಹುದು. ಕೊಳ್ಳುವವರಿಗೂ ನಷ್ಟವಿಲ್ಲ, ಬೆಳೆಯುವವರಿಗೂ ನಷ್ಟವಿಲ್ಲ. ಅದಕ್ಕೆ ಬೇಕಾದುದು ಒಂದು ಗುಣಾಕಾರ ಇಲ್ಲವೇ ಒಂದು ಭಾಗಾಕಾರ ಮಾತ್ರ.

ಅಭ್ಯಾಸ

1. 250 ಮಿಲಿಲೀಟರ್ ಜೇನುತುಪ್ಪದ ತೂಕ ಎಷ್ಟು?
2. 2 ಕಿಲೋಗ್ರಾಂ ತೆಂಗಿನ ಎಣ್ಣೆ ಎಷ್ಟು ಲೀಟರ್ ಆಗುತ್ತದೆ?
3. ಒಂದೇ ತೂಕದ ಎರಡು ಏಲಕ್ಕಿ ಚೀಲಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಯಾವುದರ ಲೀಟರ್ ತೂಕ ಹೆಚ್ಚು? ಕಾರಣ ಕೊಡಿ.
4. 9 ಲೀಟರ್ ಹಾಲಿಗೆ 1 ಲೀಟರ್ ನೀರು ಬೆರೆಸಿದರೆ ಕ್ಷೀರಮಾಪಕ ಎಷ್ಟು ತೋರಿಸುತ್ತದೆ?
5. ನಿಮ್ಮ ಮನೆಯ ಹಿರಿಯರಿಂದ ಹಳೆಯ ಅಳತೆಗಳ ಹೆಸರುಗಳನ್ನು ಕೇಳಿ ಪಟ್ಟಿ ಮಾಡಿ. ಅವುಗಳಲ್ಲಿ ಗಾತ್ರದ ಅಳತೆ ಯಾವುದು, ತೂಕದ ಅಳತೆ ಯಾವುದು ಎಂದು ಗುರುತಿಸಿ.